ಬೆಳಕು ತಳ್ಳುತ್ತದೆ, ಆದರೆ ಈ ಗಿರಗಿಟ್ಲೆಯನ್ನಲ್ಲ

ಈ ಸಲ ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ.

ಬೆಳಗಾವಿಯ ಆಟೋ ನಗರದಲ್ಲಿ ನಮ್ಮ ಕಾಕಾನ ಪೌಡರ್ ಕೋಟಿಂಗ್ ಶೆಡ್ ಇದೆ. (ಕ್ರಿಕೆಟ್ ಸ್ಟೇಡಿಯಂ ಇರುವ ಆಟೋ ನಗರ ಎಂದರೆ ಬೇಗ ಗೊತ್ತಾದೀತು.) ದೀಪಾವಳಿಗೆ ಊರಿಗೆ ಹೋದಾಗ ಒಂಬತ್ತನೇ ಕ್ಲಾಸಿನಲ್ಲಿರುವ ಕಾಕಾನ ಮಗಳಿಗೆ ಒಂದು ಆಟಿಕೆ ಒಯ್ದಿದ್ದೆ. ಗಾಜಿನ ಬುರುಡೆ, ಒಳಗೆ ಸೂಜಿಯ ತುದಿಯ ಮೇಲೆ ನಾಲ್ಕು ಪುಟ್ಟ ರೆಕ್ಕೆ. ಪ್ರತಿ ರೆಕ್ಕೆಗೆ ಒಂದು ಮೈ ಕಪ್ಪು, ಇನ್ನೊಂದು ಮೈ ಬೆಳ್ಳಿ ಬಣ್ಣ. ಬಿಸಿಲಿಗೆ ಇಟ್ಟರೆ ಸಾಕು, ಗಿರಗಿರ ತಿರುಗುತ್ತದೆ. ಬ್ಯಾಟರಿ ಇಲ್ಲ, ದಾರ ಇಲ್ಲ. ರೇಡಿಯೋಮೀಟರ್ ಅಂತ ಅದರ ಹೆಸರು.

"ಹೆಂಗ ತಿರಗತೈತಿ ಅಣ್ಣಾ?" ಎಂದು ಕೇಳಿದಳು. ನಾನು ಇಂಜಿನಿಯರ್ ಅಲ್ಲವೇ, ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ: "ಬೆಳಕಿಗೂ ಒತ್ತಡ ಇರತೈತಿ. ಬೆಳಕು ರೆಕ್ಕೆಯನ್ನ ತಳ್ಳತೈತಿ, ಅದಕ್ಕ ತಿರಗತೈತಿ." ಅವಳು ಅದನ್ನೇ ಚಾರ್ಟಿನಲ್ಲಿ ಬರೆದು, ಬಾಣದ ಗುರುತು ಹಾಕಿ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಯ್ದಳು.

ಎರಡು ವಾರದ ನಂತರ ಸಂಜೆ ಫೋನ್ ಬಂತು. ದನಿ ಸಣ್ಣದಾಗಿತ್ತು. "ಅಣ್ಣಾ, ನೋಡಾಕ ಬಂದ ಸರ್ ಒಬ್ಬರು ಒಂದೇ ಪ್ರಶ್ನಿ ಕೇಳಿದ್ರು. ಬೆಳಕು ತಳ್ಳತೈತಿ ಅಂದ್ರ ಬೆಳ್ಳಿ ಕಡೀಗೆ ಜಾಸ್ತಿ ಪೆಟ್ಟು ಬೀಳಬೇಕಲ್ಲ, ಮತ್ತ ಕರೀ ಕಡೆ ಯಾಕ ಹಿಂದ ಸರೀತೈತಿ ಅಂತ. ನನಗ ಏನೂ ಹೇಳಾಕ ಬರಲಿಲ್ಲ. ನಮ್ಮ ಅಣ್ಣ ಹೇಳ್ಯಾನ ಅಂದೆ. ಎಲ್ಲಾರೂ ನಕ್ಕರು."

ನನಗೂ ಏನೂ ಹೇಳಲು ಬರಲಿಲ್ಲ. ಆ ರಾತ್ರಿ ಓದಲು ಕೂತವನು ಒಂದು ಗಿರಗಿಟ್ಲೆಯಿಂದ ಶುರು ಮಾಡಿ, ಬೆಳಕು ಬಿದ್ದರೆ ಎರಡು ನ್ಯಾನೋ ಕಣಗಳು ಒಂದನ್ನೊಂದು ಹೇಗೆ ಎಳೆಯುತ್ತವೆ ಎನ್ನುವಲ್ಲಿಗೆ ಬಂದು ಮುಟ್ಟಿದೆ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಓದುಗಳು ಅವಳೇ.

ಮೊದಲು ಕಾಕಾನ ಶೆಡ್ಡು

ಪೌಡರ್ ಕೋಟಿಂಗ್ ನೋಡದವರಿಗಾಗಿ ನಾಲ್ಕು ಮಾತು. ಬಣ್ಣ ಇಲ್ಲಿ ದ್ರವವಲ್ಲ, ನುಣ್ಣನೆಯ ಪುಡಿ. ಕಣಗಳು ಕೆಲವು ಹತ್ತು ಮೈಕ್ರಾನ್ ಗಾತ್ರದವು. ಗನ್ನಿನ ತುದಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಅಲ್ಲಿಂದ ಹೊರಬರುವ ಪುಡಿ ಚಾರ್ಜ್ ಹೊತ್ತುಕೊಳ್ಳುತ್ತದೆ. ಕೊಕ್ಕೆಗೆ ನೇತುಹಾಕಿದ ಜಾಬ್ ಅರ್ಥಿಂಗ್ ಆಗಿರುತ್ತದೆ. ಗನ್ ಹಿಡಿದದ್ದು ಮುಂದಿನಿಂದಾದರೂ ಪುಡಿ ಸುತ್ತು ಹೊಡೆದು ಪೈಪಿನ ಬೆನ್ನಿಗೂ ಹೋಗಿ ಕೂರುತ್ತದೆ. ಚಿಕ್ಕವನಿದ್ದಾಗ ಇದು ನನಗೆ ಮಾಯಾಜಾಲದಂತೆ ಕಾಣುತ್ತಿತ್ತು.

ಆದರೆ ಹಾಗೆ ಕೂತ ಪುಡಿ ಗಟ್ಟಿಯಲ್ಲ, ಬೆರಳು ತಾಗಿದರೆ ಉದುರುತ್ತದೆ. ಸುಮಾರು 180ರಿಂದ 200 ಡಿಗ್ರಿಯ ಓವನ್ನಿನಲ್ಲಿ ಬೆಂದ ಮೇಲೇ ಅದು ಬಣ್ಣ. ಕಾಕಾ ಹೊಸ ಹುಡುಗರಿಗೆ ಹೇಳುವ ಮಾತು ಒಂದಿದೆ: "ಹಚ್ಚೂದು ಕರೆಂಟು, ಹಿಡಿಸೂದು ಬೆಂಕಿ. ಎರಡನ್ನೂ ಬ್ಯಾರೆ ಬ್ಯಾರೆ ಇಟ್ಟು ನೋಡ್ರಪಾ."

ಕರೆಂಟಿನ ಕೆಲಸ ಯಾವುದು, ಬೆಂಕಿಯ ಕೆಲಸ ಯಾವುದು? ಬೆಳಕಿನ ಬಲದ ನೂರೈವತ್ತು ವರ್ಷಗಳ ಇತಿಹಾಸವೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ ಎಂದು ನನಗೆ ಆ ರಾತ್ರಿ ಗೊತ್ತಾಯಿತು. ನಾನು ತಪ್ಪಿದ್ದೂ ಇಲ್ಲೇ. ಬೆಂಕಿಯ ಕೆಲಸವನ್ನು ಕರೆಂಟಿನ ಲೆಕ್ಕಕ್ಕೆ ಬರೆದಿದ್ದೆ.

ಧೂಮಕೇತುವಿನ ಬಾಲ, ಥ್ಯಾಲಿಯಮ್ಮಿನ ತೂಕ

ಬೆಳಕು ತಳ್ಳುತ್ತದೆ ಎನ್ನುವ ಗುಮಾನಿ ಹಳೆಯದು. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಹಾಕಿಯೇ ಇರುತ್ತದೆ. 1619ರಲ್ಲಿ ಕೆಪ್ಲರ್, ಸೂರ್ಯನ ಕಿರಣಗಳೇ ಅದನ್ನು ಆಚೆ ತಳ್ಳುತ್ತವೆ ಎಂದು ಬರೆದ. (ಧೂಳಿನ ಬಾಲದ ಮಟ್ಟಿಗೆ ಅವನು ಹೇಳಿದ್ದು ಸರಿ. ಇನ್ನೊಂದು ಅಯಾನುಗಳ ಬಾಲ ಇರುತ್ತದೆ, ಅದು ಸೌರಮಾರುತದ ಕೆಲಸ.)

1873ರಲ್ಲಿ ಮ್ಯಾಕ್ಸ್‌ವೆಲ್ ಇದನ್ನು ಲೆಕ್ಕಕ್ಕೆ ತಂದ. ಬೆಳಕು ಎಂದರೆ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಅಲೆ, ಆ ಅಲೆಗೆ ಒತ್ತಡವೂ ಇರಲೇಬೇಕು ಎಂದ. ಎಷ್ಟು ಒತ್ತಡ? ಭೂಮಿಯ ಹತ್ತಿರ ಒಂದು ಚದರ ಮೀಟರ್ ಕನ್ನಡಿಯ ಮೇಲೆ ಪೂರ್ತಿ ಬಿಸಿಲು ನೇರವಾಗಿ ಬಿದ್ದರೆ ಬರುವ ಬಲ ಸುಮಾರು 9 ಮೈಕ್ರೋನ್ಯೂಟನ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಎಳ್ಳಿನ ತೂಕದ ಮೂರರಲ್ಲಿ ಒಂದು ಭಾಗ. ಕಪ್ಪು ಹಲಗೆಯಾದರೆ ಅದರ ಅರ್ಧ, ಏಕೆಂದರೆ ಕನ್ನಡಿಯಿಂದ ಬೆಳಕು ಪುಟಿದು ವಾಪಸ್ ಹೋಗುತ್ತದೆ, ಕಪ್ಪಿನಲ್ಲಿ ಇಂಗಿಬಿಡುತ್ತದೆ. ಗೋಡೆಗೆ ಹೊಡೆದ ಚೆಂಡು ಪುಟಿದರೆ ಗೋಡೆಗೆ ಬೀಳುವ ಪೆಟ್ಟು ಎರಡು ಪಟ್ಟು, ಅಂಟಿಕೊಂಡರೆ ಒಂದು ಪಟ್ಟು. ಆ ಸರ್ ಕೇಳಿದ್ದು ಇದನ್ನೇ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ವಿಲಿಯಂ ಕ್ರೂಕ್ಸ್ ಬೇರೇನೋ ಮಾಡುತ್ತಿದ್ದ. ತಾನೇ 1861ರಲ್ಲಿ ಕಂಡುಹಿಡಿದಿದ್ದ ಥ್ಯಾಲಿಯಂ ಎಂಬ ಧಾತುವನ್ನು ನಿರ್ವಾತದ ತಕ್ಕಡಿಯಲ್ಲಿಟ್ಟು ಅದರ ಪರಮಾಣು ತೂಕ ನಿಖರವಾಗಿ ಹಿಡಿಯಬೇಕಿತ್ತು. ತಕ್ಕಡಿ ಕಿರಿಕಿರಿ ಮಾಡಿತು. ವಸ್ತು ಸ್ವಲ್ಪ ಬೆಚ್ಚಗಿದ್ದರೆ ಒಂದು ತೂಕ, ತಣ್ಣಗಿದ್ದರೆ ಇನ್ನೊಂದು. ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ಸರಿಮಾಡುತ್ತಿದ್ದರೇನೋ. ಕ್ರೂಕ್ಸ್ ಆ ಕಿರಿಕಿರಿಯನ್ನೇ ಹಿಡಿದು ಹೊರಟು ಈ ಗಿರಗಿಟ್ಲೆ ಮಾಡಿದ. ಬೆಳಕಿನ ಒತ್ತಡವನ್ನು ಕಣ್ಣಾರೆ ಕಂಡೆ ಎಂದೇ ಮೊದಮೊದಲು ಅವನೂ ತಿಳಿದ. ಅಂದರೆ ನಾನು ಮಾಡಿದ ತಪ್ಪನ್ನು ನನಗಿಂತ ದೊಡ್ಡವರೇ ಮಾಡಿದ್ದಾರೆ. ಸ್ವಲ್ಪ ಸಮಾಧಾನವಾಯಿತು :)

ಆದರೆ ಅದು ಉಲ್ಟಾ ತಿರುಗುತ್ತಿತ್ತಲ್ಲ! 1876ರಲ್ಲಿ ಆರ್ಥರ್ ಶುಸ್ಟರ್ ಒಂದು ಸರಳ ಉಪಾಯ ಮಾಡಿದ. ಬುರುಡೆಯನ್ನೇ ದಾರಕ್ಕೆ ನೇತುಹಾಕಿ ಬೆಳಕು ಬಿಟ್ಟ. ರೆಕ್ಕೆಗಳು ತಿರುಗಲು ಶುರುವಾದಾಗ ಬುರುಡೆ ಎದುರು ದಿಕ್ಕಿಗೆ ತಿರುಗಿತು. ಹೊರಗಿನ ಬೆಳಕು ತಳ್ಳಿದ್ದರೆ ಬುರುಡೆ ಹಾಗೆ ಹಿಂದಕ್ಕೆ ಹೋಗಬೇಕಿರಲಿಲ್ಲ. ಅಂದರೆ ರೆಕ್ಕೆಗೂ ಗಾಜಿಗೂ ನಡುವೆ, ಒಳಗೇ, ಯಾರೋ ತಳ್ಳಾಟ ನಡೆಸಿದ್ದಾರೆ. ಆ ಯಾರೋ ಎಂದರೆ ಒಳಗೆ ಉಳಿದಿದ್ದ ಚೂರುಪಾರು ಗಾಳಿ. ಕಪ್ಪು ಮೈ ಬೇಗ ಬಿಸಿಯಾಗುತ್ತದೆ. ಬಿಸಿ ಮೈಯಿಂದ ತಣ್ಣನೆ ಮೈಗೆ ರೆಕ್ಕೆಯ ಅಂಚಿನ ಬಳಿ ಗಾಳಿಯ ಅಣುಗಳು ನಡೆಸುವ ವ್ಯವಹಾರದಲ್ಲಿ ಕಪ್ಪು ಕಡೆ ಹಿಂದಕ್ಕೆ ದೂಡಲ್ಪಡುತ್ತದೆ. 1879ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಮತ್ತು ಮ್ಯಾಕ್ಸ್‌ವೆಲ್ ಇದರ ಗಣಿತ ಬರೆದರು. ಬುರುಡೆಯಲ್ಲಿ ಗಾಳಿ ಜಾಸ್ತಿ ಇದ್ದರೂ ಗಿರಗಿಟ್ಲೆ ತಿರುಗದು, ಪೂರಾ ತೆಗೆದರೂ ನಿಂತುಹೋಗುತ್ತದೆ.

ಹಾಗಾಗಿ, ತಂಗೀ, ನಿನ್ನ ಗಿರಗಿಟ್ಲೆಯನ್ನು ತಿರುಗಿಸುವುದು ಬೆಳಕಿನ ತಳ್ಳಾಟ ಅಲ್ಲ, ಬೆಳಕಿನ ಬಿಸಿ. ಬೆಳಕಿನ ತಳ್ಳಾಟ ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ಬಿಸಿಯನ್ನು ಆಚೆಗಿಟ್ಟವರು

ಹಾಗಾದರೆ ಮ್ಯಾಕ್ಸ್‌ವೆಲ್ ಹೇಳಿದ ನಿಜವಾದ ಒತ್ತಡವನ್ನು ತೋರಿಸುವುದು ಹೇಗೆ? ಬಿಸಿಯ ಗಲಾಟೆಯನ್ನು ಮೊದಲು ಅಡಗಿಸಬೇಕು. ಮಾಸ್ಕೋದ ಪ್ಯೋತರ್ ಲೆಬೆದೆವ್ ತೀರಾ ತೆಳುವಾದ ಲೋಹದ ರೆಕ್ಕೆಗಳನ್ನು ಮಾಡಿದ. ತೆಳು ಲೋಹವಾದ್ದರಿಂದ ಎರಡೂ ಮೈ ಹೆಚ್ಚೂಕಡಿಮೆ ಒಂದೇ ಬಿಸಿಯಲ್ಲಿ ಇರುತ್ತವೆ. ದೊಡ್ಡ ಬುರುಡೆಯಿಂದ ಆದಷ್ಟೂ ಗಾಳಿ ತೆಗೆದ. ಒಮ್ಮೆ ಈ ಮೈಗೆ, ಒಮ್ಮೆ ಆ ಮೈಗೆ ಬೆಳಕು ಬಿಟ್ಟು ವ್ಯತ್ಯಾಸ ನೋಡಿದ. 1900ರಲ್ಲಿ ಪ್ಯಾರಿಸ್ಸಿನಲ್ಲಿ ಹೇಳಿ, 1901ರಲ್ಲಿ ಪ್ರಕಟಿಸಿದ. ಅಮೆರಿಕದಲ್ಲಿ ನಿಕೋಲ್ಸ್ ಮತ್ತು ಹಲ್ ಕೂಡ ಅದೇ ಹೊತ್ತಿಗೆ ಅಳೆದರು. ಮ್ಯಾಕ್ಸ್‌ವೆಲ್ ಹೇಳಿ ಸುಮಾರು 28 ವರ್ಷ! ಗಣಿತ ಒಂದು ದಿನದ ಕೆಲಸ ಇರಬಹುದು, ಬಿಸಿಯನ್ನು ಆಚೆಗಿಡುವುದು ಒಂದು ತಲೆಮಾರಿನ ಕೆಲಸ.

ಈ ಕಥೆ ಭಾರತಕ್ಕೂ ಬರುತ್ತದೆ. ಕಲ್ಕತ್ತಾದಲ್ಲಿ ಮೇಘನಾದ ಸಾಹಾ 1918ರಲ್ಲಿ ಎಸ್. ಚಕ್ರವರ್ತಿಯವರ ಜೊತೆ ಬೆಳಕಿನ ಒತ್ತಡದ ಬಗ್ಗೆ ಪ್ರಕಟಿಸಿದರು. ಅದಕ್ಕಿಂತ ದೊಡ್ಡ ಮಾತು ಅವರ ಇನ್ನೊಂದು ವಿಚಾರ. ಪರಮಾಣು ತಾನು ಹೀರುವ ಬಣ್ಣದ ಬೆಳಕಿಗೆ ಮಾತ್ರ ಜೋರಾಗಿ ಸ್ಪಂದಿಸುತ್ತದೆ, ಆ ಬಣ್ಣ ಬಿದ್ದರೆ ಅದನ್ನು ತಳ್ಳುವ ಬಲವೂ ಜೋರು, ಸೂರ್ಯನ ವಾತಾವರಣದಲ್ಲಿ ಕೆಲವು ಪರಮಾಣುಗಳು ಅಷ್ಟು ಮೇಲೆ ತೇಲುವುದು ಇದರಿಂದ ಇರಬಹುದು ಎಂದರು. ಇದರ ಮೇಲೆ ದೀರ್ಘ ಲೇಖನ ಬರೆದು ಅಮೆರಿಕದ ಪತ್ರಿಕೆಗೆ ಕಳಿಸಿದರೆ, ಅಚ್ಚಿನ ಖರ್ಚಿನ ಪಾಲು ಕೊಟ್ಟರೆ ಹಾಕುತ್ತೇವೆ ಎಂದರಂತೆ. ಸಾಹಾ ಅವರ ಹತ್ತಿರ ಅಷ್ಟು ಹಣ ಇರಲಿಲ್ಲ. ಕೊನೆಗೆ ಒಂದು ಚಿಕ್ಕ ಟಿಪ್ಪಣಿ ಮಾತ್ರ ಪ್ರಕಟವಾಯಿತು. "ತನ್ನ ಬಣ್ಣಕ್ಕೆ ಮಾತ್ರ ಜೋರಾಗಿ ಸ್ಪಂದಿಸುವುದು" ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೆಳ್ಳಿಯ ಕಣಗಳ ಹತ್ತಿರ ಬೇಕಾಗುತ್ತದೆ.

ಲೇಸರ್ ಬಂತು

1960ರಲ್ಲಿ ಲೇಸರ್ ಬಂದ ಮೇಲೆ ಒಂದು ಮೋಜು ಕಂಡುಬಂತು. ಲೇಸರಿನೊಳಗೆ ಬಿದ್ದ ಧೂಳಿನ ಕಣಗಳು ಬೆಳಕಿನ ಹಾದಿಯಲ್ಲಿ ಅತ್ತಿತ್ತ ಓಡುತ್ತಿದ್ದವು. ಅಮೆರಿಕದ ಬೆಲ್ ಲ್ಯಾಬ್ಸಿನ ಆರ್ಥರ್ ಆಶ್ಕಿನ್ ಇದನ್ನು ಕೇಳಿ ಲೆಕ್ಕ ಹಾಕಿದ. ಊಹೂಂ, ಇದು ಬೆಳಕಿನ ಒತ್ತಡ ಅಲ್ಲ, ಮತ್ತೆ ಅದೇ ಕ್ರೂಕ್ಸ್‌ನ ಬಿಸಿ ಎಂದ. ಆದರೆ ಬಿಸಿ ಇಲ್ಲದಿದ್ದರೆ? ಒಂದು ವಾಟ್ ಲೇಸರನ್ನು ಒಂದು ಮೈಕ್ರಾನ್ ಕಣದ ಮೇಲೆ ಚಿಕ್ಕದಾಗಿ ಹಿಡಿದರೆ, ಹತ್ತರಲ್ಲಿ ಒಂದು ಪಾಲು ಬೆಳಕು ಪುಟಿದರೂ ಸಾಕು, ಕಣಕ್ಕೆ ಗುರುತ್ವಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ವೇಗೋತ್ಕರ್ಷ! ಕನ್ನಡಿಯ ಮೇಲೆ ಮೂರನೇ ಒಂದು ಎಳ್ಳಿನಷ್ಟಿದ್ದ ಬಲ, ಸಣ್ಣ ಕಣಕ್ಕೆ ಬಿರುಗಾಳಿ.

ಹಾಗಾಗಿ ಅವನು ಪಾರದರ್ಶಕ ಪ್ಲಾಸ್ಟಿಕ್ ಗುಂಡುಗಳನ್ನು ನೀರಿನಲ್ಲಿ ಹಾಕಿದ. ಬೆಳಕನ್ನು ಹೀರದ ಗುಂಡು ಬಿಸಿಯಾಗದು. ಗುಂಡುಗಳು ಬೆಳಕಿನ ಜೊತೆ ಮುಂದೆ ಹೋದವು, ಅದು ನಿರೀಕ್ಷೆ ಇದ್ದದ್ದೇ. ಇಲ್ಲದ್ದು ಇನ್ನೊಂದು: ಅಂಚಿನಲ್ಲಿದ್ದ ಗುಂಡುಗಳು ಬೆಳಕಿನ ನಟ್ಟನಡುವೆಗೆ ಎಳೆದುಕೊಂಡು ಬಂದವು. ಗುಂಡು ಒಂದು ಮಸೂರವಿದ್ದಂತೆ. ಬೆಳಕನ್ನು ಆಚೆ ಬಗ್ಗಿಸಿದರೆ ತಾನು ಈಚೆ ತಳ್ಳಿಸಿಕೊಳ್ಳುತ್ತದೆ. ನಡುವೆ ಬೆಳಕು ಜಾಸ್ತಿ, ಅಂಚಿನಲ್ಲಿ ಕಡಿಮೆ. ಕೂಡಿ ಕಳೆದರೆ ಕಣ ಬೆಳಕು ಜಾಸ್ತಿ ಇರುವಲ್ಲಿಗೆ ಸರಿಯುತ್ತದೆ. ಎದುರುಬದುರಾಗಿ ಎರಡು ಕಿರಣ ಬಿಟ್ಟಾಗ ಗುಂಡು ನಡುವೆ ಸಿಕ್ಕಿಕೊಂಡು ನಿಂತಿತು.

1970ರಲ್ಲಿ ಇದನ್ನು ಪ್ರಕಟಣೆಗೆ ಕಳಿಸುವ ಮೊದಲು ಲ್ಯಾಬಿನೊಳಗಿನ ಪರಿಶೀಲಕರು, ತಪ್ಪೇನೂ ಇಲ್ಲ, ಆದರೆ ಹೊಸ ಭೌತವಿಜ್ಞಾನವೂ ಇಲ್ಲ ಎಂದರಂತೆ. ಬಾಸ್ ಆಗಿದ್ದ ರೂಡಿ ಕಾಂಪ್ನರ್ ಅದನ್ನು ಬದಿಗಿಟ್ಟು ಕಳಿಸು ಎಂದ. 1986ರಲ್ಲಿ ಆಶ್ಕಿನ್ ಮತ್ತು ಮೂವರು ಸಂಗಡಿಗರು ಒಂದೇ ಕಿರಣದಿಂದ ಕಣ ಹಿಡಿಯುವ "ಬೆಳಕಿನ ಚಿಮುಟ" ಮಾಡಿದರು, 25 ನ್ಯಾನೋಮೀಟರಿನ ಕಣದವರೆಗೆ. 1987ರಲ್ಲಿ ವೈರಸ್ಸು, ಬ್ಯಾಕ್ಟೀರಿಯಾ ಹಿಡಿದರು. 2018ರಲ್ಲಿ ನೊಬೆಲ್ ಬಂದಾಗ ಆಶ್ಕಿನ್‌ಗೆ 96 ವರ್ಷ. ಹೊಸತೇನಿಲ್ಲ ಎಂದವರ ಮಾತಿಗೆ 48 ವರ್ಷಗಳ ನಂತರ ಸಿಕ್ಕ ಉತ್ತರ!

ಎರಡು ಕಣಗಳ ನಡುವೆ

ಇಷ್ಟು ಹೊತ್ತು ಬೆಳಕು ಮತ್ತು ಒಂದು ಕಣದ ಮಾತಾಯಿತು. ಎರಡು ಕಣ ಇದ್ದರೆ?

1980ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಿರುನಾಮಚಂದ್ರನ್ ಒಂದು ಲೆಕ್ಕ ಬರೆದರು. ಜೋರಾದ ಬೆಳಕಿನಲ್ಲಿ ಎರಡು ಅಣುಗಳಿದ್ದರೆ ಅವುಗಳ ನಡುವಿನ ಬಲವನ್ನೇ ಬೆಳಕು ಬದಲಿಸುತ್ತದೆ ಎಂದು. ಒಂದರ ಮೇಲೆ ಬಿದ್ದ ಬೆಳಕು ಚದುರಿ ಇನ್ನೊಂದನ್ನು ಮುಟ್ಟುತ್ತದೆ, ಇನ್ನೊಂದರದ್ದು ಇದನ್ನು. 1989ರಲ್ಲಿ ಅಮೆರಿಕದ ರೋಲಂಡ್ ಇನ್‌ಸ್ಟಿಟ್ಯೂಟಿನಲ್ಲಿ ಬರ್ನ್ಸ್, ಫೂರ್ನಿಯೆ ಮತ್ತು ಗೊಲೊವ್‌ಚೆಂಕೊ ಇದನ್ನು ಕಣ್ಣಿಗೆ ತೋರಿಸಿದರು. ಒಂದೂವರೆ ಮೈಕ್ರಾನಿಗೂ ಕಡಿಮೆ ಅಗಲದ ಎರಡು ಗುಂಡುಗಳು ನೀರಿನಲ್ಲಿ. ಲೇಸರ್ ಬಿಟ್ಟರೆ ಅವು ಮನಸ್ಸಿಗೆ ಬಂದ ದೂರದಲ್ಲಿ ನಿಲ್ಲುವುದಿಲ್ಲ. ಬೆಳಕಿನ ತರಂಗಾಂತರದ ಒಂದು ಪಟ್ಟು, ಎರಡು ಪಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾದ ದೂರಗಳಲ್ಲೇ ನಿಲ್ಲಲು ಇಷ್ಟಪಡುತ್ತವೆ. ನಡುವೆ ಸ್ಪ್ರಿಂಗ್ ಇಲ್ಲ, ಅಂಟು ಇಲ್ಲ. ಬೆಳಕಿನ ಬಂಧ, ಅಷ್ಟೇ.

ಕಣ ನ್ಯಾನೋ ಗಾತ್ರಕ್ಕೆ ಇಳಿದರೆ ಒಂದು ತೊಡಕು. ಹೀಗೆ ಎಳೆಯುವ ಬಲ ಕಣದ ಗಾತ್ರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಅಗಲ ಹತ್ತು ಪಟ್ಟು ಕಡಿಮೆಯಾದರೆ ಬಲ ಸಾವಿರ ಪಟ್ಟು ಕಡಿಮೆ. ಆದರೆ ನೀರಿನ ಅಣುಗಳು ಕೊಡುವ ಗುದ್ದಾಟ ಅಷ್ಟು ಕಡಿಮೆಯಾಗುವುದಿಲ್ಲ, ಕಣ ಹಿಡಿತದಿಂದ ಜಾರಿಹೋಗುತ್ತದೆ. ಇಲ್ಲಿ ಬೆಳ್ಳಿ, ಚಿನ್ನ ನೆರವಿಗೆ ಬರುತ್ತವೆ. ಬೆಳ್ಳಿಯ ನ್ಯಾನೋ ಕಣದ ಎಲೆಕ್ಟ್ರಾನುಗಳು ಒಂದು ಬಣ್ಣದ ಬೆಳಕಿಗೆ ಒಟ್ಟಾಗಿ ಜೋಕಾಲಿ ಆಡುತ್ತವೆ. (ಸಾಹಾ ನೆನಪಾದರೇ?) ಇದಕ್ಕೆ ಪ್ಲಾಸ್ಮಾನ್ ಎನ್ನುತ್ತಾರೆ. ಆಗ ಎರಡು ಕಣಗಳ ನಡುವಿನ ಸಂದಿಯಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ತೀಕ್ಷ್ಣವಾಗುತ್ತದೆ, ಎಳೆತವೂ ಹೆಚ್ಚುತ್ತದೆ.

ಆದರೆ ಬೆಳ್ಳಿ, ಚಿನ್ನ ಬೆಳಕನ್ನು ಹೀರುತ್ತವೆ. ಹೀರಿದರೆ ಬಿಸಿ. ಲೆಬೆದೆವ್ ಓಡಿಸಿದ, ಆಶ್ಕಿನ್ ತಪ್ಪಿಸಿಕೊಂಡ ಅದೇ ಬಿಸಿ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬಂತು!

ಬೆಂಗಳೂರು, ಪುಣೆ

ಇಲ್ಲಿಂದ ಕಥೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಪುಣೆಯ ಐಸರ್‌ನಲ್ಲಿರುವ ಜಿ. ವಿ. ಪವನ್ ಕುಮಾರ್ ಡಾಕ್ಟರೇಟ್ ಮಾಡಿದ್ದು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಅವರ ತಂಡ 2014ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು.

ಹಿನ್ನೆಲೆ ಹೀಗಿದೆ. 1928ರಲ್ಲಿ ಕಲ್ಕತ್ತಾದಲ್ಲಿ ಸಿ. ವಿ. ರಾಮನ್ ಕಂಡುಹಿಡಿದ ಪರಿಣಾಮದಿಂದ ಯಾವ ಅಣು ಎಂದು ಬೆಳಕಿನಲ್ಲೇ ಗುರುತು ಹಿಡಿಯಬಹುದು. ರಾಮನ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದು, 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, ಕೊನೆಯವರೆಗೂ ಇಲ್ಲೇ ಇದ್ದರು. ಆದರೆ ಆ ಗುರುತು ಬಹಳ ಮಸುಕು. ಬೆಳ್ಳಿ ಕಣಗಳ ಸಂದಿಯಲ್ಲಿ ಅಣು ಇದ್ದರೆ ಅದೇ ಗುರುತು ಎಷ್ಟೋ ಪಟ್ಟು ಜೋರಾಗುತ್ತದೆ. ಹಾಗಾಗಿ ಕಣಗಳನ್ನು ಗುಂಪು ಮಾಡಬೇಕು. ರೂಢಿಯ ದಾರಿ ಎಂದರೆ ರಾಸಾಯನಿಕ ಹಾಕಿ ಕಣಗಳನ್ನು ಗರಣೆ ಕಟ್ಟಿಸುವುದು. ಹೆಪ್ಪು ಹಾಕಿದ ಹಾಲಿನಂತೆ, ಮತ್ತೆ ಬಿಡಿಸಲು ಬರುವುದಿಲ್ಲ.

ಪುಣೆಯವರು ಲೋಹದ ಪದರಕ್ಕೂ ನೀರಿಗೂ ನಡುವಿನ ಗಡಿಯಲ್ಲಿ ಬೆಳಕಿನಿಂದ ಪ್ಲಾಸ್ಮಾನ್ ಎಬ್ಬಿಸಿ ನ್ಯಾನೋ ಕಣಗಳನ್ನು ಒಂದೆಡೆ ಸೇರಿಸಿದರು. ಅದೇ ಬೆಳಕಿನಲ್ಲಿ ಒಂದೇ ಒಂದು ಅಣುವಿನ ರಾಮನ್ ಗುರುತನ್ನೂ ಓದಿದರು. ಹೀಗೆ ಕಟ್ಟಿದ ಗುಂಪನ್ನು ಮತ್ತೆ ಬಿಡಿಸಬಹುದು. ಇಂಥ ಪ್ರಯೋಗಗಳಲ್ಲಿ ಕಣಗಳನ್ನು ಕರೆತರುವುದು ಕ್ಷೇತ್ರದ ಎಳೆತ ಒಂದೇ ಅಲ್ಲ, ಬಿಸಿಯಾದ ಲೋಹದ ಸುತ್ತ ನೀರಿನಲ್ಲಿ ಏಳುವ ಹರಿವೂ ಕೈಜೋಡಿಸುತ್ತದೆ. ಕಿರಿಕಿರಿಯಾಗಿದ್ದ ಬಿಸಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌವಿಕ್ ಘೋಷ್ ಮತ್ತು ಅಂಬರೀಶ್ ಘೋಷ್ 2018ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಪ್ಲಾಸ್ಮಾನಿನ ಚಿಮುಟ ಒಂದು ಜಾಗಕ್ಕೆ ಅಂಟಿಕೊಂಡಿದ್ದರೆ ಹತ್ತಿರ ಬಂದದ್ದನ್ನು ಮಾತ್ರ ಹಿಡಿಯುತ್ತದೆ. ಅವರು ಸ್ಕ್ರೂ ಆಕಾರದ ಸೂಕ್ಷ್ಮ ಈಜುಗಾರನಿಗೆ ಬೆಳ್ಳಿಯನ್ನು ಕೂರಿಸಿದರು. ತಿರುಗುವ ಕಾಂತಕ್ಷೇತ್ರ ಕೊಟ್ಟರೆ ಅದು ಮರದೊಳಗೆ ಸ್ಕ್ರೂ ಹೋದಂತೆ ನೀರಿನಲ್ಲಿ ಮುಂದೆ ಹೋಗುತ್ತದೆ. ಬೆಳಕು ಬಿಟ್ಟರೆ ಕಣವನ್ನು ಹಿಡಿಯುತ್ತದೆ, ಹೊತ್ತೊಯ್ಯುತ್ತದೆ, ಬೆಳಕು ತಗ್ಗಿಸಿದರೆ ಬಿಡುತ್ತದೆ. ಹಿಡಿಯುವುದು, ಒಯ್ಯುವುದು, ಇಳಿಸುವುದು... ಆಟೋ ನಗರದ ಭಾಷೆಯಲ್ಲಿ ಇದೊಂದು ಪುಟ್ಟ ಕ್ರೇನ್!

ಕೊನೆಗೆ

ಇದನ್ನೆಲ್ಲ ಫೋನಿನಲ್ಲಿ ಕಾಕಾನಿಗೆ ಹೇಳಿದೆ. ಪೂರ್ತಿ ಕೇಳಿ, "ಅಂದ್ರ ಅವರೂ ನಮ್ಮಂಗ. ಬರೇ ಕರೆಂಟ್ ನಂಬಿದ್ರ ಆಗೂದಿಲ್ಲ, ಬೆಂಕಿನೂ ಲೆಕ್ಕಕ್ಕ ಹಿಡೀಬೇಕು" ಅಂದರು. ನಾನು ಎರಡು ಸಾವಿರ ಪದದಲ್ಲಿ ಬರೆದದ್ದನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು :)

ತಂಗಿಗೆ ಕ್ಷಮೆ ಕೇಳಿದೆ. ಆ ಸರ್ ಹೆಸರು ನನಗೆ ಗೊತ್ತಿಲ್ಲ, ಆದರೆ ಅವರಿಗೊಂದು ನಮಸ್ಕಾರ. ಅವರು ಕೇಳಿದ ಪ್ರಶ್ನೆ ಶುಸ್ಟರ್ ಕಾಲದ್ದು, ಉತ್ತರ ಹುಡುಕಿಸಿದ್ದು ಇವತ್ತಿನದ್ದು. ಉಲ್ಟಾ ತಿರುಗಿದ್ದನ್ನು ನೋಡಿಯೂ ನೋಡದಂತೆ ಇದ್ದದ್ದು ನನ್ನ ತಪ್ಪು. ಗಿರಗಿಟ್ಲೆ ನನ್ನ ಕಣ್ಣೆದುರೇ ತಿರುಗುತ್ತಿತ್ತಲ್ಲ, ಕಪ್ಪು ಕಡೆ ಹಿಂದೆ ಸರಿಯುವುದು ಕಾಣದ್ದೇನಲ್ಲ. ಉತ್ತರ ಗೊತ್ತಿದೆ ಎಂದುಕೊಂಡವನಿಗೆ ನೋಡುವ ಉಸಾಬರಿ ಯಾಕೆ?

ಅವಳು ಹೊಸ ಚಾರ್ಟ್ ಬರೆಯುತ್ತಿದ್ದಾಳೆ, ಪ್ರದರ್ಶನ ಮುಗಿದಿದ್ದರೂ. ಬುರುಡೆಯನ್ನು ದಾರಕ್ಕೆ ಕಟ್ಟಿ ಶುಸ್ಟರ್ ಪ್ರಯೋಗ ತಾನೇ ಮಾಡಿ ನೋಡುತ್ತಾಳಂತೆ. ಈ ಬರಹದ ತಲೆಬರಹ ಅವಳ ಚಾರ್ಟಿನದ್ದೇ, ಕೇಳಿಯೇ ತಗೊಂಡಿದ್ದೇನೆ.

ನಾನು ಇಲ್ಲಿ ಮತ್ತೆಲ್ಲಾದರೂ ಬೆಂಕಿಯ ಕೆಲಸವನ್ನು ಕರೆಂಟಿನ ಲೆಕ್ಕಕ್ಕೆ ಬರೆದಿದ್ದರೆ ದಯವಿಟ್ಟು ತಿದ್ದಿ. ಈ ಸಲ ಅವಳು ಚಾರ್ಟಿನಲ್ಲಿ ಬರೆಯುವ ಮೊದಲೇ ಗೊತ್ತಾದರೆ ಒಳ್ಳೆಯದು.